ಮೆಟ್ಟಿಲು ಹತ್ತಿ ಬಂದ ಲಿಫ್ಟ್ ಮೆಕ್ಯಾನಿಕ್

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಹೀಗೆಂದು ಹೇಳಿದಾಗಲೆಲ್ಲ ಎದುರಿನವರು ಒಂದೇ ಜೋಕು ಮಾಡುತ್ತಾರೆ: "ಹಾಗಾದ್ರೆ ಅವರ ಜೀವನದಲ್ಲಿ ಏರಿಳಿತ ಜಾಸ್ತಿ ಅನ್ನಿ." ಹೇಳಿದವರೇ ಮೊದಲು ನಗುತ್ತಾರೆ, ನಾನೂ ನಕ್ಕಂತೆ ಮಾಡುತ್ತೇನೆ. ಆದರೆ ಕಳೆದ ಚಳಿಗಾಲದಿಂದೀಚೆಗೆ ಆ ಜೋಕಿಗೆ ನಗುವಷ್ಟು ಸಹನೆ ನನ್ನಲ್ಲಿ ಉಳಿದಿರಲಿಲ್ಲ. ಇವರು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು.

ಬಿಟ್ಟದ್ದು ಯಾಕೆಂದು ಇಡೀ ಬಳಗಕ್ಕೆ ಗೊತ್ತಿತ್ತು. ಮ್ಯಾನೇಜರ್ ಜೊತೆ ಜಗಳ. ಒಂದು ಮಧ್ಯಾಹ್ನ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದವರು "ಬಿಟ್ಟೆ" ಎಂದರು. "ಯಾಕೆ?" ಎಂದರೆ, "ಆ ಮ್ಯಾನೇಜರ್ ಮುಖ ನೋಡಕ್ಕಾಗಲ್ಲ" ಎಂದರು. ನಾನು ನಂಬಿದೆ. ಇವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸಿನ ಕಂಡಕ್ಟರ್ ಜೊತೆ, ಹೋಟೆಲಿನ ಸಪ್ಲೈಯರ್ ಜೊತೆ, ಒಮ್ಮೆ ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿಯ ಜೊತೆಗೂ ಜಗಳ ಆಡಿದ ಮನುಷ್ಯ. ಮ್ಯಾನೇಜರ್ ಇಷ್ಟು ವರ್ಷ ಹೇಗೆ ಬಚಾವಾಗಿದ್ದ ಎನ್ನುವುದೇ ಆಶ್ಚರ್ಯ ಎಂದುಕೊಂಡೆ.

ಮೊದಲ ತಿಂಗಳು ಮನೆಯಲ್ಲಿ ಹಾಳಾಗಿದ್ದದ್ದನ್ನೆಲ್ಲ ರಿಪೇರಿ ಮಾಡಿದರು. ಎರಡನೇ ತಿಂಗಳು ಹಾಳಾಗದ್ದನ್ನೂ ರಿಪೇರಿ ಮಾಡಿದರು. ಕಿರುಗುಟ್ಟುತ್ತಿದ್ದ ಬಾಗಿಲು ಸುಮ್ಮನಾಯಿತು, ಸುಮ್ಮನಿದ್ದ ಮಿಕ್ಸಿ ಕಿರುಗುಟ್ಟತೊಡಗಿತು. ನಾನು ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಆಲ್ಟರೇಶನ್ ಕೆಲಸ ಮಾಡುತ್ತೇನೆ. ದಪ್ಪಗಾದವರಿಗೆ ಹೊಲಿಗೆ ಬಿಚ್ಚುವುದು, ಸಣ್ಣಗಾದವರಿಗೆ ಹಿಡಿಯುವುದು. ಒಂದು ದಿನ ಅಲ್ಲಿಂದ ಮನೆಗೆ ಬಂದರೆ ನನ್ನ ಹೊಲಿಗೆ ಯಂತ್ರ ಪೇಪರಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಇವರು ಒಂದು ಮಾತೂ ಆಡದೆ ಒಂದೊಂದೇ ಸ್ಕ್ರೂ ಎತ್ತಿ ಮತ್ತೆ ಜೋಡಿಸತೊಡಗಿದರು.

ನನಗೆ ಭಯ ಶುರುವಾದದ್ದು ಅವತ್ತು. ಕೂಗಾಡುವ ಗಂಡನ ಜೊತೆ ಬಾಳುವುದು ನನಗೆ ರೂಢಿಯಾಗಿತ್ತು. ಬೈಸಿಕೊಂಡು ಸುಮ್ಮನಿರುವ ಈ ಮನುಷ್ಯ ಯಾರು? ಊಟ ಮಾಡುವರು, ಬಟ್ಟಲು ತೊಳೆದಿಡುವರು, ಕಿಟಕಿಯ ಪಕ್ಕ ಕೂರುವರು. ಹೀಗೇ ಬಿಟ್ಟರೆ ಇವರು ನನ್ನ ಕಣ್ಣೆದುರಿಗೇ ಕರಗಿಹೋಗುತ್ತಾರೆ ಎನಿಸಿತು. ಕೆಲಸ ಬೇಕಾಗಿತ್ತು. ಮನೆ ನಡೆಸುವುದಕ್ಕಿಂತ ಹೆಚ್ಚಾಗಿ ಇವರನ್ನು ಮತ್ತೆ ಇವರಾಗಿ ಮಾಡುವುದಕ್ಕೆ ಬೇಕಾಗಿತ್ತು.

ಎರಡು ಕಡೆ ಇಂಟರ್‌ವ್ಯೂಗೆ ಕರೆದರು. ಎರಡೂ ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು, ಸಂಜೆ ಬಂದು "ತಿಳಿಸ್ತಾರಂತೆ" ಎಂದರು. ಯಾರೂ ತಿಳಿಸಲಿಲ್ಲ. ಆಮೇಲೆ ಒಂದು ದಿನ ನಮ್ಮ ಅಂಗಡಿಗೆ ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿಯೊಬ್ಬರು ಆ ಎರಡನೇ ಆಫೀಸಿನವರೇ ಎಂದು ತಿಳಿದು ಇವರ ಹೆಸರು ಹೇಳಿದೆ. "ನಿಮ್ಮ ಯಜಮಾನ್ರಾ? ಅವತ್ತು ಕೆಳಗೆ ಬಾಗಿಲ ಹತ್ರ ನಿಂತಿದ್ರು. ಹೆಸರು ಕರೆದಾಗ ಮೇಲೆ ಬರ್ಲೇ ಇಲ್ಲ" ಎಂದರು. ನನ್ನ ಬಾಯಲ್ಲಿ ಗುಂಡುಪಿನ್ನು ಇತ್ತು, ನುಂಗದೇ ಇದ್ದದ್ದು ಪುಣ್ಯ.

ಅಹಂಕಾರ ಎಂದುಕೊಂಡೆ. ಇಷ್ಟು ವರ್ಷ ಕೆಲಸ ಮಾಡಿದವನು ಹುಡುಗರ ಹಾಗೆ ಸಾಲಲ್ಲಿ ಕೂತು ಉತ್ತರ ಹೇಳಬೇಕೇ ಎನ್ನುವ ಬಿಗುಮಾನ. ಅಥವಾ "ಹಳೇ ಕೆಲಸ ಯಾಕೆ ಬಿಟ್ರಿ?" ಎಂದರೆ ಜಗಳದ ವಿಷಯ ಹೇಗೆ ಹೇಳುವುದು ಎನ್ನುವ ಮುಜುಗರ. ಅದಕ್ಕೇ ಒಂದು ಆಸ್ಪತ್ರೆಯ ಲಿಫ್ಟ್ ನೋಡಿಕೊಳ್ಳುವ ಕೆಲಸಕ್ಕೆ ಮೂರನೇ ಕರೆ ಬಂದಾಗ ನಾನು ಮನೆಯಲ್ಲಿ ತರಬೇತಿ ಶಿಬಿರವನ್ನೇ ತೆರೆದೆ.

ಮುಖ್ಯ ಗುರು ನನ್ನ ಮೈದುನ. ದೊಡ್ಡ ಕಂಪನಿಯೊಂದರಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದ ಬಾಗಿಲ ಪಕ್ಕದ ಮೇಜು ಅವನದು. ಆ ಬಾಗಿಲಿನಿಂದ ಹೊರಬಂದ ಗಾಳಿ ಕುಡಿದೇ ತಾನು ಪರಿಣತನಾದೆ ಎಂದು ಅವನ ನಂಬಿಕೆ. ಸಹಾಯಕಿ ನನ್ನ ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಮೈದುನ ಮನೆಯೊಳಗೇ ಟೈ ಕಟ್ಟಿಕೊಂಡು ಕೂತ.

"ನಿಮ್ಮ ಅತಿ ದೊಡ್ಡ ದೌರ್ಬಲ್ಯ ಏನು?" ಎಂದು ಅಣ್ಣನನ್ನು ಕೇಳಿದ.

ನಾನು ಅಡುಗೆಮನೆಯಿಂದಲೇ, "ಒಂದಾ ಎರಡಾ? ಹಾಳೆ ಇದ್ರೆ ಬರ್ಕೋ" ಎಂದೆ.

"ಅತ್ತಿಗೆ, ನೀವು ಸುಮ್ನಿರಿ. ಅಣ್ಣಾ, ಇದಕ್ಕೆ ನಿಜ ಹೇಳ್ಬಾರ್ದು. ದೌರ್ಬಲ್ಯದ ಹಾಗೆ ಕಾಣೋ ಒಳ್ಳೇ ಗುಣ ಹೇಳ್ಬೇಕು. ಕೆಲಸ ಮುಗೀದೆ ಮನೆಗೆ ಹೋಗೋಕೆ ಮನಸ್ಸಾಗಲ್ಲ ಅನ್ನು."

"ಇವರು ಐದು ಗಂಟೆ ಹೊಡೆದ ಮೇಲೆ ಒಂದು ನಿಮಿಷ ಅಲ್ಲಿ ನಿಂತಿದ್ದಿದ್ರೆ ಕೇಳು" ಎಂದೆ. ಮಗಳು ನಕ್ಕಳು. ಇವರು ಮಾತ್ರ ನಗಲಿಲ್ಲ, ಆ ಸುಳ್ಳನ್ನು ಪಾಠದ ಹಾಗೆ ಒಪ್ಪಿಸಿದರು.

ಆಮೇಲೆ ದೊಡ್ಡ ಪ್ರಶ್ನೆ ಬಂತು. ಜಗಳವನ್ನು ಹೇಗೆ ಹೇಳುವುದು? ಮೈದುನ ಒಂದು ದಾರಿ ಹೇಳಿದ, ಮಗಳು ಇನ್ನೊಂದು. "ಅಪ್ಪಾ, ಹಳೇ ಮ್ಯಾನೇಜರ್ ಬಗ್ಗೆ ಕೆಟ್ಟದ್ದು ಒಂದಕ್ಷರ ಬರ್ಬಾರ್ದು. ಅಭಿಪ್ರಾಯ ವ್ಯತ್ಯಾಸ ಅಂತ ಹೇಳು. ಆಮೇಲೆ, ಆ ಸಂಸ್ಥೆ ಮೇಲೆ ಗೌರವ ಇದೆ ಅಂತ ಸೇರಿಸು."

"ಅಭಿಪ್ರಾಯ ವ್ಯತ್ಯಾಸ ಇತ್ತು. ಆ ಸಂಸ್ಥೆ ಮೇಲೆ ಗೌರವ ಇದೆ" ಎಂದರು ಇವರು.

"ಸ್ವಲ್ಪ ನಗ್ತಾ ಹೇಳಪ್ಪ."

ನಕ್ಕರು. ಆ ನಗು ನೋಡಿ ಮಗಳೇ, "ಬೇಡ, ನಗದೇ ಹೇಳು" ಎಂದಳು.

ವಾರವಿಡೀ ಇದೇ ನಡೆಯಿತು. ನಾವು ಕೇಳಿದ ಯಾವ ಪ್ರಶ್ನೆಗೂ ಇವರು ರೇಗಲಿಲ್ಲ. ತಮ್ಮನ ಟೈ ನೋಡಿ ಒಂದು ಕುಹಕವನ್ನೂ ಆಡಲಿಲ್ಲ. ತಿದ್ದಿದರೆ ತಿದ್ದಿಸಿಕೊಂಡರು. ಕೊನೆಗೆ ಮೈದುನ ತೃಪ್ತಿಯಿಂದ, "ಇನ್ನು ಅವರು ಏನೇ ಕೇಳ್ಲಿ, ಅಣ್ಣ ಸಿಕ್ಕಿಹಾಕ್ಕೊಳಲ್ಲ" ಎಂದು ಸಾರಿದ. ನಾನೂ ನಂಬಿದೆ. ಆದರೂ ಇಂಟರ್‌ವ್ಯೂ ದಿನ ಅಂಗಡಿಗೆ ರಜೆ ಹಾಕಿದೆ. ಈ ಸಲ ಬಾಗಿಲ ಹತ್ತಿರದಿಂದ ಓಡಿಹೋಗದ ಹಾಗೆ ಕೈಹಿಡಿದುಕೊಂಡು ಹೋಗಿ ಕೂರಿಸಿ ಬರುತ್ತೇನೆ ಎಂದು ತೀರ್ಮಾನಿಸಿದ್ದೆ.

ಆಸ್ಪತ್ರೆ ದೊಡ್ಡದು. ಒಳಗೆ ಕಾಲಿಟ್ಟರೆ ಫಿನಾಯಿಲ್ ವಾಸನೆ, ಫ್ಲಾಸ್ಕು ಹಿಡಿದು ಓಡಾಡುವ ಸಂಬಂಧಿಕರು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಕ್ಕಳು. ಎದುರಿಗೇ ಸಾಲಾಗಿ ನಾಲ್ಕು ಲಿಫ್ಟ್. ನಾವು ಹೋಗಬೇಕಾದ ಇಂಜಿನಿಯರಿಂಗ್ ವಿಭಾಗ ಎಂಟನೇ ಮಹಡಿಯಲ್ಲಿತ್ತು. ನಾನು ಸೀದಾ ಹೋಗಿ ಗುಂಡಿ ಒತ್ತಿದೆ. ತಿರುಗಿ ನೋಡಿದರೆ ಇವರು ಮೆಟ್ಟಿಲ ಕಡೆ ನಡೆಯುತ್ತಿದ್ದರು.

"ರೀ, ಎಲ್ಲಿಗೆ?"

"ಲಿಫ್ಟ್ ರೋಗಿಗಳಿಗೆ ಬೇಕಾಗುತ್ತೆ ಕಣೆ. ಕೈಕಾಲು ಗಟ್ಟಿ ಇರೋರು ಮೆಟ್ಟಿಲಲ್ಲೇ ಹೋಗ್ಬೇಕು."

"ಕೈಕಾಲು ಗಟ್ಟಿ ಇರೋದು ನಿಮಗೆ. ನನ್ನ ಮೊಣಕಾಲು ಗೊತ್ತಲ್ಲ?"

"ನೀನು ಲಿಫ್ಟಲ್ಲಿ ಬಾ."

ಬಿಟ್ಟರೆ ಮೊದಲ ಮಹಡಿಯಿಂದಲೇ ಇನ್ನೊಂದು ಬಾಗಿಲು ಹುಡುಕಿ ಮನೆಗೆ ಹೋಗುವ ಆಸಾಮಿ. ನಾನು ಹಿಂದೆಯೇ ಹತ್ತಿದೆ. ಎರಡನೇ ಮಹಡಿಯವರೆಗೆ ಗೊಣಗಿದೆ. ನಾಲ್ಕನೆಯವರೆಗೆ ಬೈದೆ. ಆಮೇಲೆ ಬೈಯಲು ಉಸಿರು ಉಳಿಯಲಿಲ್ಲ. ಲಿಫ್ಟ್ ಮೆಕ್ಯಾನಿಕ್ಕಿನ ಹೆಂಡತಿಯಾಗಿ ಎಂಟು ಮಹಡಿ ಹತ್ತುವ ಭಾಗ್ಯ ಇನ್ನಾರಿಗಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇವರು ಪ್ರತಿ ತಿರುವಿನಲ್ಲೂ ನಿಂತು ನನಗಾಗಿ ಕಾದರು. ಮೇಲೆ ತಲುಪಿದಾಗ ಇವರ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ನನ್ನ ಜೀವ ಬಾಯಿಗೆ ಬಂದಿತ್ತು.

ಕಾರಿಡಾರಿನ ಬೆಂಚಿನಲ್ಲಿ ಇನ್ನಿಬ್ಬರು ಕೂತಿದ್ದರು. ಲಿಫ್ಟಿನಲ್ಲಿ ಬಂದವರು, ಆಗ ತಾನೇ ಸ್ನಾನ ಮಾಡಿದ ಹಾಗೆ ಇದ್ದರು. ನನಗೆ ಕೂರಲು ಜಾಗವಿರಲಿಲ್ಲ, ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದೆ. ಅವರಿಬ್ಬರ ಸರದಿ ಆಗಲೇ ಮುಗಿದಿತ್ತು. ಅಷ್ಟರಲ್ಲೇ ಬಾಗಿಲು ತೆರೆದು ಐವತ್ತರ ಹೆಂಗಸೊಬ್ಬರು ಇಣುಕಿದರು. ಕತ್ತರಿಸಿದ ಕೂದಲು, ಹಣೆಯ ಮೇಲಕ್ಕೆ ಏರಿಸಿಕೊಂಡ ಕನ್ನಡಕ, ತೋಳಿನ ಅಂಚಿಗೆ ಕರೀ ಗ್ರೀಸಿನ ಕಲೆ. ಅವರೇ ಮುಖ್ಯ ಇಂಜಿನಿಯರ್ ಎಂದು ಆಮೇಲೆ ಗೊತ್ತಾಯಿತು. ಇವರನ್ನು ಕರೆದವರು ನನ್ನನ್ನು ನೋಡಿ, "ಅಯ್ಯೋ, ನೀವೂ ಒಳಗೆ ಬನ್ನಿಮ್ಮ. ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದರು. ಬೇಡ ಎನ್ನುವ ಶಕ್ತಿ ನನಗಿರಲಿಲ್ಲ.

ಹೀಗೆ ನನ್ನ ಗಂಡನ ಇಂಟರ್‌ವ್ಯೂಗೆ ನಾನೂ ಹಾಜರಾದೆ. ಗೋಡೆ ಪಕ್ಕದ ಕುರ್ಚಿಯಲ್ಲಿ ನೀರಿನ ಲೋಟ ಹಿಡಿದು ಕೂತೆ.

ಮೇಜಿನ ಆ ಕಡೆ ಇನ್ನೊಬ್ಬರಿದ್ದರು, ಆಫೀಸಿನವರು, ಟೈ ಕಟ್ಟಿದ್ದರು. ಮೈದುನನ ಟೈಯನ್ನು ನೆನೆದು ನನಗೆ ಧೈರ್ಯ ಬಂತು. ಅವರು ಒಂದು ಹಾಳೆ ನೋಡಿಕೊಂಡು ಪ್ರಶ್ನೆ ಕೇಳತೊಡಗಿದರು. ನಮ್ಮ ಮನೆಯಲ್ಲಿ ಕೇಳಿದ್ದೇ ಬಂತು, ಹೆಚ್ಚು ಕಮ್ಮಿ ಅದೇ ಕ್ರಮದಲ್ಲಿ. ಮೈದುನನ ಮೇಲೆ ನನಗೆ ಜೀವಮಾನದಲ್ಲಿ ಮೊದಲ ಸಲ ಗೌರವ ಹುಟ್ಟಿತು.

"ನಿಮ್ಮ ದೌರ್ಬಲ್ಯ ಏನು?"

"ಕೆಲಸ ಮುಗೀದೆ ಮನೆಗೆ ಹೋಗೋಕೆ ಮನಸ್ಸಾಗಲ್ಲ ಸರ್."

ನಾನು ಲೋಟದೊಳಗೆ ನೋಡಿದೆ.

"ಹಿಂದಿನ ಕೆಲಸ ಯಾಕೆ ಬಿಟ್ರಿ?"

"ಅಭಿಪ್ರಾಯ ವ್ಯತ್ಯಾಸ ಇತ್ತು ಸರ್. ಆ ಸಂಸ್ಥೆ ಮೇಲೆ ಗೌರವ ಇದೆ."

ನಗದೇ ಹೇಳಿದರು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಟೈ ಕಟ್ಟಿದವರು ತಲೆಯಾಡಿಸುತ್ತ ಬರೆದುಕೊಂಡರು. ಮುಖ್ಯ ಇಂಜಿನಿಯರ್ ಮಾತ್ರ ಇಷ್ಟು ಹೊತ್ತೂ ಒಂದು ಮಾತೂ ಆಡಿರಲಿಲ್ಲ. ಇವರ ಮುಖವನ್ನೂ ನೋಡುತ್ತಿರಲಿಲ್ಲ, ಅಂಗಿ ನೋಡುತ್ತಿದ್ದರು.

"ಅಂಗಿ ಪೂರ್ತಿ ಒದ್ದೆ ಆಗಿದೆ. ಮೆಟ್ಟಿಲು ಹತ್ತಿ ಬಂದ್ರಾ?" ಎಂದು ಕೇಳಿದರು.

"ಹೌದು ಮೇಡಂ."

"ನಮ್ಮ ಲಿಫ್ಟ್ ನಾಲ್ಕೂ ಓಡ್ತಾ ಇವೆಯಲ್ಲ."

"ಓಡ್ತಾ ಇವೆ ಮೇಡಂ."

"ಮತ್ತೆ? ಲಿಫ್ಟ್ ಕೆಲಸ ಕೇಳೋಕೆ ಬಂದವರು ಮೆಟ್ಟಿಲು ಯಾಕೆ ಹತ್ತಿದ್ರಿ?"

ಈ ಪ್ರಶ್ನೆ ನಮ್ಮ ಪಾಠದಲ್ಲಿರಲಿಲ್ಲ. ಇವರು ಬಾಯಿ ತೆರೆದರು, ಮುಚ್ಚಿದರು. ನನಗೆ ತಡೆಯಲಾಗಲಿಲ್ಲ. "ರೋಗಿಗಳಿಗೆ ತೊಂದ್ರೆ ಆಗ್ಬಾರ್ದು ಅಂತ ಮೇಡಂ. ಇವರು ಮೊದ್ಲಿಂದ ಹಾಗೇ, ಬೇರೆಯವರ ಬಗ್ಗೆನೇ ಯೋಚನೆ" ಎಂದುಬಿಟ್ಟೆ.

"ಅವರು ಹೇಳ್ಲಿ ಅಮ್ಮ" ಎಂದರು ಮುಖ್ಯ ಇಂಜಿನಿಯರ್, ಮೃದುವಾಗಿಯೇ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಇವರು ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ತಲೆ ಎತ್ತಿ, "ಹೆದರಿಕೆ ಮೇಡಂ" ಎಂದರು.

ಟೈ ಕಟ್ಟಿದವರು ಬರೆಯುವುದನ್ನು ನಿಲ್ಲಿಸಿದರು.

"ಲಿಫ್ಟ್ ಹತ್ತೋಕೆ ಹೆದರಿಕೆ. ಕಳೆದ ಚಳಿಗಾಲ ಒಂದು ಹಳೇ ಕಟ್ಟಡದಲ್ಲಿ ಕ್ಯಾಬಿನ್ ನೆತ್ತಿ ಮೇಲೆ ನಿಂತು ಕೆಲಸ ಮಾಡ್ತಿದ್ದೆ. ಬ್ರೇಕ್ ಜಾರ್ತು. ಕ್ಯಾಬಿನ್ ಒಂದಾಳುದ್ದ ಕೆಳಗೆ ಹೋಯ್ತು, ಅಷ್ಟರಲ್ಲಿ ಸೇಫ್ಟಿ ಕ್ಲ್ಯಾಂಪು ಹಳಿ ಕಚ್ಕೊಂಡು ನಿಂತ್ಕೊಳ್ತು. ನನಗೆ ಒಂದು ಗೀರೂ ಆಗ್ಲಿಲ್ಲ. ಎಲ್ಲರ ಜೊತೆ ನಕ್ಕೆ, ಟೀ ಕುಡಿದೆ. ಏನೂ ಆಗಿಲ್ಲ ಅಂತಲೇ ಅಂದ್ಕೊಂಡೆ."

"ಆಮೇಲೆ?"

"ಮಾರನೇ ದಿನ ಮತ್ತೆ ಮೇಲೆ ಹತ್ತಿ ನಿಂತೆ. ನಿಮಗೆ ಗೊತ್ತಲ್ಲ ಮೇಡಂ, ಮಷೀನ್ ರೂಮಲ್ಲಿ ಇರೋನು ಕೇಳ್ಬೇಕು, 'ಆಗುತ್ತಾ?' ಅಂತ. ಮೇಲೆ ನಿಂತೋನು 'ಆಗುತ್ತೆ' ಅಂತ ಬಾಯಿ ಬಿಟ್ಟು ಹೇಳೋ ತನಕ ಗುಂಡಿ ಒತ್ತೋ ಹಾಗಿಲ್ಲ. ನನ್ನ ಜೊತೆಗಾರ ಕೇಳಿದ. ನನ್ನ ಬಾಯಿಂದ ಮಾತು ಬರ್ಲಿಲ್ಲ. ಮತ್ತೆ ಕೇಳಿದ. ಬರ್ಲಿಲ್ಲ. ಇಳಿದು ಹೊರಗೆ ಬಂದೆ. ಮ್ಯಾನೇಜರ್ ಏನಾಯ್ತು ಅಂದ್ರು. ಹೆದರಿಕೆ ಆಯ್ತು ಅಂತ ಹೇಗೆ ಹೇಳೋದು? ಏನೋ ಒಂದು ನೆಪ ತೆಗೆದು ಅವರ ಮೇಲೇ ಕೂಗಾಡಿ, ಕೆಲಸ ಬಿಟ್ಟು ಬಂದೆ. ನಾನು ಜಗಳಗಂಟ ಅಂತ ಎಲ್ಲರಿಗೂ ಗೊತ್ತು. ಯಾರೂ ಏನೂ ಕೇಳ್ಲಿಲ್ಲ."

ಆ ಕೊನೆಯ ಮಾತು ಹೇಳುವಾಗ ಇವರು ನನ್ನ ಕಡೆ ನೋಡಲಿಲ್ಲ. ನನಗೆ ಮೊದಲು ಬಂದದ್ದು ಕೋಪ. ಇಷ್ಟು ತಿಂಗಳು ಒಂದೇ ಸೂರಿನಡಿ ಇದ್ದು ನನ್ನಿಂದ ಮುಚ್ಚಿಟ್ಟರಲ್ಲ ಎಂದು ಮೈ ಉರಿಯಿತು. ಅದರ ಬೆನ್ನಿಗೇ ಬಂದದ್ದು ಅಳು. ಬಿಡಿಬಿಡಿಯಾಗಿ ಬಿದ್ದಿದ್ದ ಹೊಲಿಗೆ ಯಂತ್ರದ ಮುಂದೆ ಕೂತು ಬೈಸಿಕೊಂಡ ಆ ಮುಖ ನೆನಪಾಯಿತು. ಮತ್ತೆ, ಹೇಳಿದರೆ ನಿಮಗೆ ವಿಚಿತ್ರ ಎನಿಸಬಹುದು, ಎದೆಯ ಮೇಲಿನ ಭಾರ ಇಳಿಯಿತು. ಇವರಿಗೆ ಏನಾಗಿದೆ ಎಂದು ಗೊತ್ತಿಲ್ಲದೆ ಒದ್ದಾಡುತ್ತಿದ್ದೆ. ಈಗ ಗೊತ್ತಾಯಿತು. ಹೆದರಿಕೆ, ಅಷ್ಟೇ. ಹೆದರಿಕೆ ಯಾರಿಗಿಲ್ಲ? ಹಲ್ಲಿ ಕಂಡರೆ ನಾನು ಮಂಚ ಹತ್ತಿ ನಿಲ್ಲುತ್ತೇನೆ.

ಕೆಲಸವಂತೂ ಹೋಯಿತು ಎಂದುಕೊಂಡೆ. ಟೈ ಕಟ್ಟಿದವರು ಪೆನ್ನಿನ ಮುಚ್ಚಳ ಹಾಕಿದ್ದರು. "ಹಾಗಿದ್ರೆ ಈ ಕೆಲಸಕ್ಕೆ..." ಎಂದು ಶುರುಮಾಡಿದರು.

"ಒಂದು ನಿಮಿಷ ಸರ್" ಎಂದು ಮುಖ್ಯ ಇಂಜಿನಿಯರ್ ತಡೆದರು. "ಅದಾದ ಮೇಲೆ ಒಂದು ಸಲವೂ ಲಿಫ್ಟ್ ಹತ್ತಿಲ್ವಾ?"

"ಎರಡು ಸಲ ಬಾಗಿಲ ತನಕ ಹೋದೆ ಮೇಡಂ. ಎರಡೂ ಇಂಟರ್‌ವ್ಯೂ ದಿನಾನೇ. ಬಾಗಿಲು ತೆರೀತು, ನಾನು ನಿಂತೇ ಇದ್ದೆ, ಮುಚ್ಕೊಳ್ತು. ಆಗ ಮೆಟ್ಟಿಲು ಹತ್ತೋಕೂ ನಾಚಿಕೆ ಆಗಿ ವಾಪಸ್ ಬಂದೆ."

"ಇವತ್ತು ಮೆಟ್ಟಿಲು ಹತ್ತಿದ್ರಲ್ಲ?"

"ಇವತ್ತು ಹಿಂದೆ ಇವಳಿದ್ಳು. ತಿರುಗಿ ಹೋಗೋಕೆ ದಾರಿ ಇರ್ಲಿಲ್ಲ."

ಮುಖ್ಯ ಇಂಜಿನಿಯರ್ ನನ್ನ ಕಡೆ ನೋಡಿ ನಕ್ಕರು. ಆಮೇಲೆ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ, "ಆ ಬ್ರೇಕ್ ಯಾಕೆ ಜಾರ್ತು?" ಎಂದು ಕೇಳಿದರು.

ಇವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಬ್ರೇಕಿನ ಲೈನಿಂಗ್ ಸವೆದಿತ್ತು ಎಂದು ಶುರುವಾಯಿತು. ಸವೆದದ್ದು ಗೊತ್ತಾಗದಂತೆ ಯಾರೋ ಸ್ಪ್ರಿಂಗ್ ಬಿಗಿ ಮಾಡಿದ್ದರಂತೆ, ಅದರ ಮೇಲೆ ಎಣ್ಣೆ ಹನಿ ಬಿದ್ದಿತ್ತಂತೆ. "ಸ್ಪ್ರಿಂಗ್ ಬಿಗಿ ಮಾಡಿದ್ರೆ ಮೋಟರ್ ಬಿಸಿ ಆಗ್ಬೇಕಿತ್ತಲ್ಲ?" ಎಂದು ಅವರು ಕೇಳಿದರೆ, "ಆಗ್ತಿತ್ತು ಮೇಡಂ, ವಾಸನೇನೂ ಬರ್ತಿತ್ತು, ನಾವೇ ವೈರಿಂಗ್ ಇರ್ಬೇಕು ಅಂದ್ಕೊಂಡ್ವಿ" ಎಂದು ಇವರು. ಅವರು ಒಂದು ಹಾಳೆಯ ಮೇಲೆ ಏನೋ ಗೀಚಿ ತೋರಿಸಿದರು, ಇವರು ಅದೇ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಇನ್ನೊಂದು ಗೀಚಿದರು. "ಇಲ್ಲ, ಇಲ್ಲ, ಅದು ಹಾಗಲ್ಲ" ಎಂದು ಇವರ ದನಿ ಏರಿತು. ಟೈ ಕಟ್ಟಿದವರು ಬೆಚ್ಚಿದರು. ನನಗೆ ಕುಣಿಯುವಂತಾಯಿತು. ಎಷ್ಟು ತಿಂಗಳಾದ ಮೇಲೆ ನನ್ನ ಗಂಡ ದನಿ ಏರಿಸಿದ್ದರು!

ಮಾತು ಮುಗಿದಾಗ ಮುಖ್ಯ ಇಂಜಿನಿಯರ್ ನೇರವಾಗಿ ಹೇಳಿದರು. "ನೋಡಿ, ಕ್ಯಾಬಿನ್ ಮೇಲೆ ನಿಲ್ಲೋ ಕೆಲಸ ಈಗ ನಿಮಗೆ ಕೊಡಲ್ಲ. ಕೊಟ್ರೆ ನನ್ನಷ್ಟು ಮೂರ್ಖರು ಯಾರೂ ಇಲ್ಲ. ಆದ್ರೆ ತಾರಸಿ ಮೇಲಿನ ಮಷೀನ್ ರೂಮಿಗೆ ನನಗೆ ಒಬ್ರು ಬೇಕು. ಮೋಟರ್, ಬ್ರೇಕ್, ರೋಪ್ ಎಲ್ಲಾ ಅಲ್ಲೇ ಇರೋದು. ಅಲ್ಲಿಗೆ ಲಿಫ್ಟ್ ಹತ್ತೋ ಅಗತ್ಯ ಇಲ್ಲ, ನಿಮ್ಮ ಹಾಗೆ ಮೆಟ್ಟಿಲು ಹತ್ತೋರಿದ್ರೆ. ಅದು ಆಗುತ್ತಾ?"

"ಅದು ಆಗುತ್ತೆ ಮೇಡಂ."

"ಉಳಿದದ್ದು ನಿಧಾನಕ್ಕೆ ನೋಡೋಣ. ವಾರಕ್ಕೊಮ್ಮೆ ನಾನೇ ಕೇಳ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ, ನನಗೆ ಬೇಜಾರಿಲ್ಲ. ಆಗದೇ ಇದ್ದಾಗ ಆಗುತ್ತೆ ಅಂದ್ರೋ, ಅವತ್ತೇ ಮನೆಗೆ ಕಳಿಸ್ತೀನಿ. ನಿಮ್ಮ ಜೊತೆ ಇನ್ನೊಬ್ಬರ ಜೀವ ಇರುತ್ತೆ." ಅಷ್ಟು ಹೇಳಿ ಟೈ ಕಟ್ಟಿದವರ ಕಡೆ ತಿರುಗಿದರು. "ಮೂರು ತಿಂಗಳು ನೋಡೋಣ ಸರ್. ಸೋಮವಾರ ಬರ್ಲಿ."

ಟೈ ಕಟ್ಟಿದವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಹೊರಗೆ ಕಾರಿಡಾರಿಗೆ ಬಂದೆವು. ಇವರು ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡರು.

"ಬೈಯೋದಿದ್ರೆ ಬೈದುಬಿಡು" ಎಂದರು.

"ಮನೆಗೆ ಹೋಗಿ ಬೈತೀನಿ. ಇಲ್ಲಿ ಆಸ್ಪತ್ರೆ, ಗಲಾಟೆ ಮಾಡ್ಬಾರ್ದು ಅಂತ ಬೋರ್ಡ್ ಹಾಕಿದಾರೆ" ಎಂದೆ. ಆಮೇಲೆ ಪಕ್ಕದಲ್ಲೇ ಕೂತೆ. "ನನಗೆ ಹೇಳ್ಬಹುದಿತ್ತಲ್ರೀ."

"ನಿನಗೆ ಹೇಳಿದ್ರೆ ನೀನು ಧೈರ್ಯ ತುಂಬ್ತಿದ್ದೆ. ನಿಮ್ಮಿಂದ ಆಗುತ್ತೆ, ನಿಮ್ಮಿಂದ ಆಗುತ್ತೆ ಅಂತ. ಆಮೇಲೆ ನಾನು ಹತ್ಲೇಬೇಕಾಗ್ತಿತ್ತು."

ನಿಜ, ಹಾಗೇ ಮಾಡುತ್ತಿದ್ದೆ. ಮೈದುನನನ್ನೂ ಜೊತೆಗೆ ಸೇರಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವನದೇ ಫೋನ್ ಬಂತು. "ಅತ್ತಿಗೆ, ಏನಾಯ್ತು? ನಾನು ಹೇಳಿಕೊಟ್ಟಿದ್ದೇ ಕೇಳಿದ್ರಾ?"

"ನೀನು ಹೇಳಿಕೊಟ್ಟಿದ್ದೆಲ್ಲಾ ಕೇಳಿದ್ರು ಕಣೋ. ಕೆಲಸ ಸಿಕ್ಕಿದ್ದು ಮಾತ್ರ ಬೇರೆ ಪ್ರಶ್ನೆಗೆ."

"ಸಿಕ್ತಾ? ಯಾವ ಪ್ರಶ್ನೆ ಅದು? ಬರ್ಕೊಳ್ತೀನಿ, ಹೇಳಿ."

"ನಿಮ್ಮಣ್ಣನ್ನೇ ಕೇಳು" ಎಂದು ಫೋನು ಇವರ ಕೈಗೆ ಕೊಟ್ಟೆ. ಇವರು ಅದನ್ನು ಕಿವಿಗಿಟ್ಟುಕೊಂಡು, "ಮನೆಗೆ ಬಂದು ಹೇಳ್ತೀನಿ. ಮೊದ್ಲು ಆ ಟೈ ಬಿಚ್ಚು, ಮುಖ ಊದ್ಕೊಂಡಿರುತ್ತೆ" ಎಂದರು. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ಕಣ್ಣಲ್ಲಿ ನೀರೂ ಬಂತು, ಅದನ್ನೂ ಅದರಲ್ಲೇ ಒರೆಸಿಕೊಂಡೆ.

ಈಗ ಇಳಿಯುವ ಮಾತು. ಮೊಣಕಾಲುಗಳು ಆಗಲೇ ಮುಷ್ಕರ ಹೂಡಿದ್ದವು. "ನೀನು ಲಿಫ್ಟಲ್ಲಿ ಹೋಗು, ನಾನು ಮೆಟ್ಟಿಲಲ್ಲಿ ಬರ್ತೀನಿ" ಎಂದರು. ಈ ಸಲ ಆ ಮಾತಿನಲ್ಲಿ ರೋಗಿಗಳ ನೆಪವಿರಲಿಲ್ಲ. ಸರಿ ಎಂದೆ. ಲಿಫ್ಟ್ ಬಂತು. ಒಳಗೆ ಬಟ್ಟೆಯ ಗಾಡಿ ಹಿಡಿದ ಆಯಾ ಒಬ್ಬಳು, ಊರುಗೋಲಿನ ಅಜ್ಜ ಒಬ್ಬರು, ಅಜ್ಜನ ಸೊಸೆ. ನಾನು ಹತ್ತಿದೆ. ಬಾಗಿಲು ಮುಚ್ಚುವ ಮುಂಚೆ ಇವರ ಮುಖ ನೋಡಿದೆ. ನನಗೇನೋ ಆಗಿಬಿಡುತ್ತದೆ ಎನ್ನುವ ಹಾಗೆ ನೋಡುತ್ತಿದ್ದರು.

ಬಾಗಿಲು ಮುಚ್ಚಿದ ಕೂಡಲೇ ನಾನು ಎಲ್ಲ ಮಹಡಿಗಳ ಗುಂಡಿಯನ್ನೂ ಒತ್ತಿದೆ.

"ಏನಮ್ಮಾ, ಮಕ್ಕಳಾಟನಾ?" ಎಂದು ಆಯಾ ಗದರಿದಳು.

"ಕೋಪ ಮಾಡ್ಕೋಬೇಡಮ್ಮ. ನಮ್ಮ ಯಜಮಾನ್ರು ಮೆಟ್ಟಿಲಲ್ಲಿ ಬರ್ತಿದಾರೆ. ನಾನು ಚೆನ್ನಾಗಿದೀನಿ ಅಂತ ಅವರಿಗೆ ಕಾಣ್ಬೇಕು."

"ಅವರೂ ಇದರಲ್ಲೇ ಬರ್ಬಹುದಿತ್ತಲ್ಲ?"

"ಲಿಫ್ಟ್ ಅಂದ್ರೆ ಹೆದರಿಕೆ" ಎಂದೆ. ಏನು ಕೆಲಸ ಮಾಡುತ್ತಾರೆ ಎಂದು ಅವಳು ಕೇಳದಿದ್ದದ್ದು ಒಳ್ಳೆಯದಾಯಿತು.

ಏಳನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಸ್ಟ್ರೆಚರ್ ಹೋಗುವ ಲಿಫ್ಟ್, ಬಾಗಿಲು ತುಂಬ ಹೊತ್ತು ತೆರೆದೇ ಇರುತ್ತದೆ. ಇವರು ದಡದಡ ಇಳಿದು ಬಂದು ಇಣುಕಿದರು, ನನ್ನನ್ನು ನೋಡಿದರು, ಮತ್ತೆ ಮೆಟ್ಟಿಲ ಕಡೆ ಓಡಿದರು. ಆರನೆಯದರಲ್ಲೂ ಅದೇ. ಐದನೆಯದರಲ್ಲಿ ಬರುವುದು ಸ್ವಲ್ಪ ತಡವಾಯಿತು. ಆಯಾ ತಾನೇ ಗಾಡಿಯನ್ನು ಬಾಗಿಲಿಗೆ ಅಡ್ಡ ಇಟ್ಟು ಕಾದಳು. "ಬಂದ್ರು, ಬಂದ್ರು" ಎಂದು ಸೊಸೆ ಕೂಗಿದಳು. ನಾಲ್ಕನೆಯದರಲ್ಲಿ ಅಜ್ಜ ಊರುಗೋಲೆತ್ತಿ, "ನಿಧಾನ ಕಣಪ್ಪಾ, ಬಿದ್ದೀಯ! ನಿನ್ನ ಹೆಂಡತಿ ಎಲ್ಲೂ ಓಡಿಹೋಗಲ್ಲ" ಎಂದರು. ಇವರು ನಕ್ಕರು, ಏದುಸಿರಿನ ನಡುವೆಯೇ.

ಮೂರನೇ ಮಹಡಿಯಲ್ಲಿ ಅಜ್ಜ, ಸೊಸೆ, ಆಯಾ ಎಲ್ಲ ಇಳಿದರು. ಲಿಫ್ಟಿನಲ್ಲಿ ನಾನೊಬ್ಬಳೇ. ಇವರು ಬಂದು ಬಾಗಿಲ ಮುಂದೆ ನಿಂತರು. ಈ ಸಲ ತಿರುಗಿ ಓಡಲಿಲ್ಲ. ಒಳಗಿನ ನೆಲ ನೋಡಿದರು, ಚಾವಣಿ ನೋಡಿದರು, ನನ್ನನ್ನು ನೋಡಿದರು. ಬಲಗಾಲು ಎತ್ತಿ ಒಳಗೆ ಇಟ್ಟರು. ನಿಮ್ಮಿಂದ ಆಗುತ್ತೆ ರೀ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ನುಂಗಿದೆ.

ಇವರು ಸ್ವಲ್ಪ ಹೊತ್ತು ಹಾಗೇ ನಿಂತು, ಕಾಲು ಹಿಂದಕ್ಕೆ ತೆಗೆದುಕೊಂಡರು.

"ಇವತ್ತು ಆಗಲ್ಲ ಕಣೆ" ಎಂದರು.

ಮುಖದಲ್ಲಿ ನಾಚಿಕೆಯಿರಲಿಲ್ಲ, ಕೋಪವಿರಲಿಲ್ಲ. ಬಿಗಿಯಾದ ಅಂಗಿಯ ಗುಂಡಿ ಬಿಚ್ಚಿದವರ ಹಾಗೆ ಆರಾಮವಾಗಿ ಹೇಳಿದರು. ಆಗಲ್ಲ ಎನ್ನುವ ಮಾತು ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಬಾಗಿಲು ಮುಚ್ಚತೊಡಗಿತ್ತು. ಕೈ ಅಡ್ಡ ಇಟ್ಟು ಹೊರಗೆ ಬಂದೆ.

"ನಿನ್ನ ಮೊಣಕಾಲು?" ಎಂದರು.

"ಇನ್ನು ಮೂರು ಮಹಡಿ ತಾನೆ, ನಡೀರಿ" ಎಂದೆ. ಇವರು ತೋಳು ಕೊಟ್ಟರು, ಹಿಡಿದುಕೊಂಡೆ. ಖಾಲಿ ಲಿಫ್ಟ್ ನಮ್ಮ ಹಿಂದೆ ತಾನೇ ಇಳಿದುಹೋಯಿತು.